ಮನೆತನದ ಹಳೆಯ ಕೋವಿಗಳು: ಪರವಾನಗಿದಾರರ ಮರಣಾನಂತರ ಅನುಸರಿಸಬೇಕಾದ ಕ್ರಮ

ಮಲೆನಾಡು, ಕೊಡಗು ಹಾಗೂ ಕರಾವಳಿಯ ಅನೇಕ ಮನೆಗಳಲ್ಲಿ ತಾತ ಮುತ್ತಾತಂದಿರ ಕಾಲದ ಕೋವಿಗಳು ಇಂದಿಗೂ ಇವೆ. ಬೆಳೆ ರಕ್ಷಣೆಗೆಂದು ಪಡೆದ ಕೇಪಿನ ಕೋವಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಥವಾ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ತಯಾರಾದ ಜೋಡುನಳಿಗೆ ತೋಟಾ ಕೋವಿ ಮುಂತಾದವುಗಳನ್ನು ಮನೆತನದ ಗೌರವದ ವಸ್ತುಗಳೆಂದು ಕಾಪಾಡಿಕೊಂಡು ಬರಲಾಗಿದೆ. ಇವುಗಳ ಸಂಗ್ರಹದಲ್ಲಿ ಆಸಕ್ತಿಯುಳ್ಳವರೂ ಇದ್ದಾರೆ. ಆದರೆ ಪರವಾನಗಿದಾರರು ನಿಧನರಾದ ಬಳಿಕ ಈ ಆಯುಧಗಳನ್ನು ಏನು ಮಾಡಬೇಕೆಂಬ ಬಗ್ಗೆ ಕುಟುಂಬದವರಿಗೆ ಸ್ಪಷ್ಟ ತಿಳಿವಳಿಕೆ ಇರುವುದಿಲ್ಲ. ಈ ಕುರಿತು ಸಾರ್ವಜನಿಕರಿಗೆ ಮಾಹಿತಿ ನೀಡುವ ಸಲುವಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ಒಡೆತನ ಬೇರೆ, ಸ್ವಾಧೀನ ಬೇರೆ

ಕೋವಿಯು ಮೃತರ ಇತರ ಚರಾಸ್ತಿಯಂತೆಯೇ ವಾರಸುದಾರರಿಗೆ ಸೇರುತ್ತದೆ. ಆದರೆ ಪರವಾನಗಿಯು ವೈಯಕ್ತಿಕವಾದುದು. ಅದು ವಾರಸಿನಿಂದಲಾಗಲಿ, ಉಯಿಲಿನಿಂದಲಾಗಲಿ ವರ್ಗವಾಗುವುದಿಲ್ಲ. ಆಯುಧ ಅಧಿನಿಯಮ, 1959ರ 3ನೇ ಪ್ರಕರಣದ ಮೇರೆಗೆ ಪರವಾನಗಿ ಇಲ್ಲದೆ ಬಂದೂಕನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ತಂದೆಯ ಕೋವಿಯು ಮಗನ ಸ್ವತ್ತಾಗಿದ್ದರೂ, ಆತನಿಗೆ ಸ್ವಂತ ಪರವಾನಗಿ ಇಲ್ಲದಿದ್ದಲ್ಲಿ ಅದನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಅಪರಾಧವಾಗುತ್ತದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಬಂದೂಕಿನ ವಿಷಯದಲ್ಲಿ ಈ ಅಪರಾಧಕ್ಕೆ 2 ವರ್ಷಗಳಿಂದ 5 ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ ಇದೆ. ಉತ್ತರಕ್ರಿಯೆಗಳ ನಡುವೆ ಅಟ್ಟದ ಮೇಲಿನ ಕೋವಿಯ ನೆನಪು ಯಾರಿಗೂ ಬಾರದಿರುವುದು ಸಹಜವೇ ಆದರೂ ಕಾನೂನು ಅದನ್ನು ವಿನಾಯಿತಿಗೆ ಕಾರಣವೆಂದು ಹೇಳಿಲ್ಲ.

ಮೊದಲು ಠೇವಣಿ

ಸ್ವಾಧೀನವು ಕಾನೂನುಬದ್ಧವಾಗಿ ಉಳಿಯದಾದಾಗ, 21ನೇ ಪ್ರಕರಣದಂತೆ ಆಯುಧವನ್ನೂ ಮದ್ದುಗುಂಡನ್ನೂ ಅನಾವಶ್ಯಕ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣಾಧಿಕಾರಿಯವರಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡತಕ್ಕದ್ದು. ಮರಣ ಪ್ರಮಾಣಪತ್ರ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಠೇವಣಿ ಇಡುವಾಗ ತಯಾರಕರ ಹೆಸರು, ಕ್ರಮ ಸಂಖ್ಯೆ, ನಳಿಗೆಯ ಅಳತೆ ಹಾಗೂ ಆಯುಧದ ಸ್ಥಿತಿಯನ್ನು ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯಬೇಕು. ಹಳೆಯ ಕೋವಿಗಳು ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುವುದರಿಂದ, ಕೇವಲ ‘ಹಳೆಯ ಕೋವಿ ಒಂದು’ ಎಂದು ಬರೆದ ರಸೀದಿಯಿಂದ ಮುಂದೆ ತೊಂದರೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೋಡೆಗೆ ತೂಗುಹಾಕಿದ ಕೇಪಿನ ಕೋವಿಯಲ್ಲಿ ಎಷ್ಟೋ ವರ್ಷಗಳ ಹಿಂದೆ ತುಂಬಿದ ಮದ್ದು ಹಾಗೆಯೇ ಉಳಿದಿರಬಹುದು. ಕಪ್ಪು ಮದ್ದು ಒಣಗಿದ್ದಲ್ಲಿ ದಶಕಗಳ ನಂತರವೂ ಸಿಡಿಯಬಲ್ಲದು. ಕುದುರೆಯನ್ನು ಎಳೆದು ನೋಡುವುದಾಗಲಿ, ನಳಿಗೆಯೊಳಗೆ ಸಲಾಕೆ ಹಾಕಿ ಕೆದಕುವುದಾಗಲಿ ಸಲ್ಲದು. ಠಾಣೆಗೆ ಮುಂಚಿತವಾಗಿ ತಿಳಿಸಿ, ಬಲ್ಲವರಿಂದ ಪರೀಕ್ಷಿಸಿದ ನಂತರವೇ ಸಾಗಿಸಬೇಕು. ಹಳೆಯ ತೋಟಾಗಳನ್ನು ಹಾರಿಸಿ ಮುಗಿಸುವುದೂ ಅಷ್ಟೇ ಅಪಾಯಕಾರಿ.

ಠೇವಣಿ ಇಟ್ಟ ಮಾತ್ರಕ್ಕೆ ಒಡೆತನ ನಷ್ಟವಾಗುವುದಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಮೃತರ ಕಾನೂನುಬದ್ಧ ಪ್ರತಿನಿಧಿಯು ಪರವಾನಗಿ ಪಡೆದು ಆಯುಧವನ್ನು ಹಿಂಪಡೆಯಬಹುದು ಅಥವಾ ಅದನ್ನು ಹೊಂದಲು ಅರ್ಹರಾದವರಿಗೆ ಮಾರಿ ಹಣ ಪಡೆಯಬಹುದು. ಅವಧಿ ಮೀರಿದಲ್ಲಿ ಜಿಲ್ಲಾ ದಂಡಾಧಿಕಾರಿಯವರ ಆದೇಶದಿಂದ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದೇಶಕ್ಕೆ ಮೊದಲು ನೋಟಿಸು ನೀಡಿ, ಕಾರಣ ತೋರಿಸಲು 30 ದಿನಗಳ ಕಾಲಾವಕಾಶ ಕೊಡಲಾಗುತ್ತದೆ. ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ಮರಳುವ ಸಂಭವವಿರುವುದರಿಂದ, ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿರುವ ವಾರಸುದಾರರು ಠೇವಣಿಯ ಸಮಯದಲ್ಲಿಯೇ ತಮ್ಮ ಈಗಿನ ವಿಳಾಸವನ್ನು ಲಿಖಿತವಾಗಿ ನೀಡುವುದು ಒಳಿತು.

ವಾರಸುದಾರರಿಗೆ ಪರವಾನಗಿ

ಆಯುಧ ನಿಯಮಗಳು, 2016ರ 25ನೇ ನಿಯಮದಲ್ಲಿ ಇದಕ್ಕೆ ಪ್ರತ್ಯೇಕ ಅವಕಾಶವಿದೆ. ಪರವಾನಗಿದಾರರ ಮರಣಾನಂತರ ವಾರಸುದಾರರು ಎ-1 ನಮೂನೆಯಲ್ಲಿ ಜಿಲ್ಲಾ ದಂಡಾಧಿಕಾರಿಯವರಿಗೆ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ, ಅರ್ಜಿ ಸಲ್ಲಿಸಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿಯಲ್ಲಿ ಪ್ರತಿಕೂಲ ಅಭಿಪ್ರಾಯ ಇರಬಾರದು. ಒಬ್ಬರಿಗಿಂತ ಹೆಚ್ಚು ವಾರಸುದಾರರು ಇದ್ದಲ್ಲಿ ಉತ್ತರಾಧಿಕಾರ ಪ್ರಮಾಣಪತ್ರವನ್ನು ಅಥವಾ ಉಳಿದೆಲ್ಲರ ನಿರಾಕ್ಷೇಪಣಾ ಘೋಷಣೆಯನ್ನು ಲಗತ್ತಿಸಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ವಾರಸುದಾರರೇ ಆಗಿರುವುದರಿಂದ ಅವರ ಘೋಷಣೆಯೂ ಅಗತ್ಯ. ಮಗಳು ತಾನೇ ಪರವಾನಗಿಗೆ ಅರ್ಜಿ ಹಾಕಲು ಯಾವ ಅಡ್ಡಿಯೂ ಇಲ್ಲ.

ಇದಕ್ಕಿಂತ ಉತ್ತಮವಾದ ದಾರಿಯೊಂದು ಅದೇ ನಿಯಮದಲ್ಲಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆಯುಧವನ್ನು 25 ವರ್ಷಗಳ ಕಾಲ ಹೊಂದಿದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವು ಸೂಚಿಸುವ ವಾರಸುದಾರರಿಗೆ ಪರವಾನಗಿ ನೀಡುವಂತೆ ಜೀವಿತಕಾಲದಲ್ಲಿಯೇ ಕೋರಬಹುದು. ಈ ಅವಕಾಶವನ್ನು ಬಳಸಿಕೊಂಡಲ್ಲಿ ಠೇವಣಿ, ಮುಟ್ಟುಗೋಲು ಮತ್ತು ಒಡಹುಟ್ಟಿದವರ ನಡುವಿನ ಮನಸ್ತಾಪ ಬಹುಮಟ್ಟಿಗೆ ತಪ್ಪುತ್ತವೆ. ಹಿರಿಯರಲ್ಲಿ ಅನೇಕರು ಕೋವಿಯನ್ನು ಕೈಬಿಡಲು ಮನಸ್ಸು ಮಾಡುವುದಿಲ್ಲವೆಂಬುದು ನಿಜ. ಆದರೂ ಯಾವ ಕೋವಿ ಎಲ್ಲಿಂದ ಬಂತು, ಯಾರಿಗೆ ಸೇರಬೇಕು ಎಂಬುದನ್ನು ಹೇಳಬಲ್ಲವರು ಅವರೇ ಆಗಿರುತ್ತಾರೆ.

ಎರಡು ಆಯುಧಗಳ ಮಿತಿ

ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿದೆ. ಪಿತ್ರಾರ್ಜಿತವಾಗಿ ಬಂದ ಆಯುಧಗಳಿಗೂ ಇದೇ ಮಿತಿ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಉದಾಹರಣೆಗೆ, ತಂದೆಯ ಹೆಸರಿನಲ್ಲಿ ಎರಡು ಕೋವಿಗಳಿದ್ದು ಹಿರಿಯ ಮಗನಲ್ಲಿ ಈಗಾಗಲೇ ಒಂದು ಇದ್ದರೆ, ಆತನಿಗೆ ತಂದೆಯ ಒಂದು ಕೋವಿ ಮಾತ್ರ ಸೇರಬಹುದು. ಇನ್ನೊಂದಕ್ಕೆ ಬೇರೊಬ್ಬ ವಾರಸುದಾರರು ಅರ್ಜಿ ಹಾಕಬೇಕು, ಇಲ್ಲವೇ ಅದನ್ನು ಮಾರಬೇಕು. ‘ನನ್ನ ಕೋವಿಗಳೆಲ್ಲವೂ ಹಿರಿಯ ಮಗನಿಗೆ’ ಎಂಬ ಉಯಿಲು ಈ ಮಿತಿಯನ್ನು ಮೀರಲಾರದು. ಉಯಿಲು ಬರೆಯುವವರು ಪ್ರತಿ ಕೋವಿಯ ಕ್ರಮ ಸಂಖ್ಯೆಯನ್ನು ನಮೂದಿಸಿ, ಯಾವುದು ಯಾರಿಗೆ, ಅವರಿಗೆ ಪರವಾನಗಿ ದೊರೆಯದಿದ್ದಲ್ಲಿ ಯಾರಿಗೆ ಎಂದು ಬರೆಯುವುದು ಸೂಕ್ತ. ವಸ್ತುಸಂಗ್ರಹಾಲಯಕ್ಕೆ ಕೊಡುವ ಉದ್ದೇಶವಿದ್ದರೆ, ಆ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಪುರಾತನ ಆಯುಧಗಳು

‘ನೂರು ವರ್ಷ ದಾಟಿದ ಕೋವಿಗೆ ಪರವಾನಗಿ ಬೇಡ’ ಎಂಬ ನಂಬಿಕೆ ಪ್ರಚಾರದಲ್ಲಿದೆ. ಇದು ಸರಿಯಲ್ಲ. 45ನೇ ಪ್ರಕರಣವು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು ಕಾನೂನಿನಿಂದ ಹೊರಗಿಡುವುದು ನಿಜ. ಆದರೆ ಅದು ದುರಸ್ತಿ ಮಾಡಿದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಮಾತ್ರ. ನಳಿಗೆ ಗಟ್ಟಿಯಾಗಿದ್ದು ಕುದುರೆಯೊಂದು ಮುರಿದಿದ್ದರೆ ಅದು ದುರಸ್ತಿಯಾಗಬಲ್ಲ ಕೋವಿಯೇ ಸರಿ. 2020ರ ಫೆಬ್ರವರಿಯಲ್ಲಿ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ‘ಕ್ಯೂರಿಯೊ’ ವರ್ಗಕ್ಕೆ ಸೇರಿದ ಸಣ್ಣ ಆಯುಧಗಳನ್ನು ಭಾರತೀಯ ನಾಗರಿಕರು ಪರವಾನಗಿ ಇಲ್ಲದೆ ಹೊಂದಬಹುದು. ಅವುಗಳನ್ನು ಬಳಸಲು, ಒಯ್ಯಲು ಅಥವಾ ಸಾಗಿಸಲು ಪರವಾನಗಿ ಬೇಕು. ತಮ್ಮಲ್ಲಿರುವುದು ಈ ವರ್ಗಕ್ಕೆ ಸೇರಿದೆಯೇ ಎಂಬುದನ್ನು ಮಾಲೀಕರು ತಾವೇ ತೀರ್ಮಾನಿಸಿಕೊಳ್ಳದೆ, ಪರವಾನಗಿ ಪ್ರಾಧಿಕಾರದಿಂದ ಲಿಖಿತ ಅಭಿಪ್ರಾಯ ಪಡೆದು ಅದನ್ನು ಆಯುಧದ ಕಾಗದಪತ್ರಗಳೊಡನೆ ಇರಿಸಬೇಕು. ಮುಂದೆ ವಾರಸುದಾರರ ಕೈಯಲ್ಲಿ ಉಳಿಯುವ ಆಧಾರ ಅದೊಂದೇ.

ಹೊಳಪು ಕೊಡುವ ನೆಪದಲ್ಲಿ ಹೆಸರು, ಸಂಖ್ಯೆ ಅಥವಾ ಮುದ್ರೆಗಳನ್ನು ಉಜ್ಜಿ ಅಳಿಸಬಾರದು. ಅದರಿಂದ ಸಂಗ್ರಹದ ಬೆಲೆ ಕುಗ್ಗುವುದಲ್ಲದೆ, ಗುರುತಿನ ಚಿಹ್ನೆ ಅಳಿಸುವುದನ್ನು 8ನೇ ಪ್ರಕರಣವು ನಿಷೇಧಿಸಿದೆ.

ಕೊಡಗು ಜಿಲ್ಲೆಯವರಿಗೆ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಮಂತ್ರಾಲಯವು 2019ರ ಅಧಿಸೂಚನೆಯ ಮೂಲಕ 31-10-2029ರವರೆಗೆ ಮುಂದುವರಿಸಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿ ಇರುವುದು ವ್ಯಕ್ತಿಗೆ, ಕೋವಿಗೆ ಅಲ್ಲ. ಕೈಲ್ ಪೊಳ್ದ್ ದಿನ ಐನ್‌ಮನೆಯಲ್ಲಿ ಪೂಜೆಗೊಳ್ಳುವ ಕೋವಿಯು ಇಡೀ ಒಕ್ಕಕ್ಕೆ ಸೇರಿದ್ದೆಂದು ಭಾವಿಸಿದ್ದರೂ, ದಾಖಲೆಯಲ್ಲಿ ಹೆಸರಿರುವವರು ತೀರಿಕೊಂಡಾಗ ಅದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಿ, ಮುಂದೆ ಇಟ್ಟುಕೊಳ್ಳುವವರ ಹೆಸರಿನಲ್ಲಿ ದಾಖಲೆ ಸರಿಪಡಿಸಿಕೊಳ್ಳಬೇಕು. ವಿನಾಯಿತಿ ಇಲ್ಲದವರಿಗೆ ಮಾರುವುದಾದರೆ ಅವರಿಗೆ ಪರವಾನಗಿ ಇರಲೇಬೇಕು.

ಅರ್ಜಿ ತಿರಸ್ಕೃತವಾದಲ್ಲಿ

ಪರವಾನಗಿ ನಿರಾಕರಿಸುವಾಗ ಪ್ರಾಧಿಕಾರವು ಕಾರಣಗಳನ್ನು ಬರೆದಿಡಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವಲ್ಲದಿದ್ದಲ್ಲಿ, ಕೇಳಿದಾಗ ಅವುಗಳ ಸಂಕ್ಷಿಪ್ತ ವಿವರವನ್ನು ನೀಡಬೇಕು. 18ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಆಯುಧವು ಠೇವಣಿಯಲ್ಲಿಯೇ ಇರತಕ್ಕದ್ದು. ಮೇಲ್ಮನವಿ ಸಲ್ಲಿಸಿರುವ ವಿಷಯವನ್ನು ಠೇವಣಿ ಇರಿಸಿಕೊಂಡಿರುವ ಠಾಣೆಗೆ ಅಥವಾ ವ್ಯಾಪಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.