ಮುಖ ಮುಸಿಯನದ್ದು, ಕೈಕಾಲು ಕೋತಿಯದ್ದು: ಅಳಿದುಹೋದ ಒಂದು ಮಂಗದ ಕಥೆ

ಇವತ್ತಿನ ಕಥೆ ಶುರುವಾಗೋದು ಒಬ್ಬ ಸೈನಿಕನ ಆಸೆಯಿಂದ.

1838ನೇ ಇಸವಿ. ಗ್ರೀಸ್ ದೇಶವನ್ನ ಆಗ ಆಳ್ತಿದ್ದಿದ್ದು ಜರ್ಮನಿಯ ಬವೇರಿಯಾ ರಾಜಮನೆತನದ ಓಟೋ. ಹಾಗಾಗಿ ಬವೇರಿಯಾದ ಸೈನಿಕರೂ ಅಲ್ಲಿದ್ರು. ಅವರಲ್ಲೊಬ್ಬ, ಅಥೆನ್ಸ್ ಹತ್ತಿರದ ಪಿಕೆರ್ಮಿ ಅನ್ನೋ ಜಾಗದಿಂದ ಒಂದಷ್ಟು ಹಳೇ ಮೂಳೆ ಊರಿಗೆ ಹೊತ್ತು ತಂದ. ಒಳಗೆ ಫಳಫಳ ಹೊಳೆಯೋ ಹರಳು. ವಜ್ರ ಅಂದ್ಕೊಂಡಿದ್ದ, ಪಾಪ. ಅದು ಕ್ಯಾಲ್ಸೈಟ್, ಸುಣ್ಣಕಲ್ಲಿನ ಜಾತಿಯ ಹರಳು. ಆದ್ರೆ ಆ ಮೂಳೆಗಳು ಮ್ಯೂನಿಕ್‌ನ ವಿಜ್ಞಾನಿ ಆಂಡ್ರಿಯಾಸ್ ವ್ಯಾಗ್ನರ್ ಕೈಗೆ ಸಿಕ್ಕವು. ಅದರಲ್ಲೊಂದು ಮಂಗದ ತಲೆಬುರುಡೆಯ ತುಂಡು!

ಇದೇನು ದೊಡ್ಡ ವಿಷಯ ಅಂತೀರಾ? ಪಳೆಯುಳಿಕೆ ವಿಜ್ಞಾನದ ದೊಡ್ಡ ಹೆಸರು ಜಾರ್ಜ್ ಕ್ಯೂವಿಯೇ, 1832ರಲ್ಲಿ ತೀರಿಕೊಳ್ಳೋ ತನಕ ಮಂಗದ ಪಳೆಯುಳಿಕೆ ಇದೆ ಅಂತ ಒಪ್ಪಿರಲಿಲ್ಲ. ಆಮೇಲೆ ಕೆಲವೇ ವರ್ಷಗಳಲ್ಲಿ ನಮ್ಮ ಶಿವಾಲಿಕ್ ಬೆಟ್ಟ, ಫ್ರಾನ್ಸ್, ಗ್ರೀಸ್ ಅಂತ ಒಂದರ ಹಿಂದೆ ಒಂದು ಸಿಕ್ಕವು.

ವ್ಯಾಗ್ನರ್ ಇದಕ್ಕೆ ಮೆಸೋಪಿಥೆಕಸ್ ಅಂತ ಹೆಸರಿಟ್ಟ, ಅಂದ್ರೆ 'ನಡುವಿನ ಮಂಗ'. ಗಿಬ್ಬನ್‌ಗೂ ಮುಸಿಯನಿಗೂ ನಡುವಿನದು ಅನ್ನೋದು ಅವನ ಲೆಕ್ಕ. ಆ ಲೆಕ್ಕ ನಿಲ್ಲಲಿಲ್ಲ. 1855ರಿಂದ 1860ರ ನಡುವೆ ಫ್ರಾನ್ಸಿನ ಆಲ್ಬರ್ಟ್ ಗೋದ್ರಿ ಪಿಕೆರ್ಮಿಯಲ್ಲಿ ಅಗೆದಾಗ ಕೈಕಾಲಿನ ಮೂಳೆಗಳೂ ಬಂದವು. ತಲೆ ಮುಸಿಯನ ಥರ, ಕೈಕಾಲು ಮಾತ್ರ ಮಕಾಕ್ ಥರ ಗಟ್ಟಿಮುಟ್ಟು. ಮಕಾಕ್ ಅಂದ್ರೆ ದೇವಸ್ಥಾನದ ಹತ್ರ ಬಾಳೆಹಣ್ಣು ಕಿತ್ಕೊಂಡು ಕೆನ್ನೆಚೀಲಕ್ಕೆ ತುಂಬ್ಕೊಳ್ಳುತ್ತಲ್ಲ, ನಮ್ಮ ಆ ಕೋತಿಯ ಕುಲ. ಕಪ್ಪು ಮುಖ, ಉದ್ದ ಬಾಲದ ಮುಸಿಯ ಬೇರೆ ಕುಲ. ಅದಕ್ಕೆ ಕೆನ್ನೆಚೀಲ ಇಲ್ಲ, ಹೊಟ್ಟೆಯಲ್ಲೇ ಹಸುವಿನ ಥರ ಕೋಣೆಗಳಿದ್ದು ಎಲೆ ಅಲ್ಲಿ ಹುಳಿತು ಜೀರ್ಣ ಆಗುತ್ತೆ. ಎರಡನ್ನೂ ಒಂದೇ ಮೈಯಲ್ಲಿ ಬೆಸೆದ ಈ ಪ್ರಾಣಿಯನ್ನ ಡಾರ್ವಿನ್ 1871ರ ತನ್ನ ಪುಸ್ತಕದಲ್ಲಿ ಹೆಸರಿಸಿದ್ದಾನೆ.

ಮೆಸೋಪಿಥೆಕಸ್ ಮುಸಿಯನ ಕುಲಕ್ಕೇ ಸೇರಿದ್ದು. ಈ ಕುಲದ ತುಂಬಾ ಹಳೇ ಹಲ್ಲು ಸಿಕ್ಕಿರೋದು ಕೀನ್ಯಾದಲ್ಲಿ, ಸುಮಾರು 1.25 ಕೋಟಿ ವರ್ಷ ಹಿಂದಿನದು. ಅಲ್ಲಿಂದ ಹೊರಟವು ಗ್ರೀಸ್, ಬಲ್ಗೇರಿಯಾ, ಇರಾನ್, ಅಫ್ಘಾನಿಸ್ತಾನ ಅಂತ ಹರಡಿದವು. ಬರೀ ಎಲೆ ತಿನ್ನೋ, ಮರ ಬಿಟ್ಟು ಇಳಿಯದ ಪ್ರಾಣಿಗೆ ಇದು ಆಗ್ತಿರಲಿಲ್ಲ ಅಂತ ನನಗನ್ಸುತ್ತೆ. ಕಾಡು ಮುಗಿದ ಕಡೆ ನೆಲದ ಮೇಲೆ ನಡೀಬೇಕು, ಅದಕ್ಕೆ ಆ ಕೈಕಾಲು. ಹಲ್ಲಿನ ಮೇಲಿನ ಸೂಕ್ಷ್ಮ ಗೀರುಗಳನ್ನ ನೋಡಿದ್ರೆ ಗಟ್ಟಿ ಬೀಜಗಳನ್ನೂ ಕಡೀತಿತ್ತು ಅಂತ ಗೊತ್ತಾಗುತ್ತೆ. ಬಿಕಾಂ ಓದಿದ ನನ್ನ ಭಾಷೆಯಲ್ಲಿ ಹೇಳೋದಾದ್ರೆ, ದುಡ್ಡೆಲ್ಲಾ ಒಂದೇ ಶೇರಿಗೆ ಹಾಕಿರಲಿಲ್ಲ.

ಈಗ ಪೂರ್ವಕ್ಕೆ ಬನ್ನಿ. ಚೀನಾದ ಯುನ್ನಾನ್‌ನಲ್ಲಿ ಶುಯಿಟಾಂಗ್ಬಾ ಅಂತ ಒಂದು ಲಿಗ್ನೈಟ್ ಗಣಿ ಇದೆ. ಅಲ್ಲಿ ಸಿಕ್ಕ ದವಡೆ, ತೊಡೆಮೂಳೆ, ಹಿಮ್ಮಡಿ ಮೂಳೆ ಇದೇ ಮೆಸೋಪಿಥೆಕಸ್‌ನದು ಅಂತ ನೀನಾ ಜಬ್ಲೋನ್ಸ್ಕಿ ಮತ್ತವರ ತಂಡ 2020ರಲ್ಲಿ ಬರೀತು. ವಯಸ್ಸು ಸುಮಾರು 64 ಲಕ್ಷ ವರ್ಷ. ಪಿಕೆರ್ಮಿಯಿಂದ ಇಲ್ಲಿಗೆ ನೇರ ಗೆರೆ ಎಳೆದ್ರೂ 7 ಸಾವಿರ ಕಿಲೋಮೀಟರ್ ದಾಟುತ್ತೆ! ಹಿಮ್ಮಡಿ ಮೂಳೆಯ ಆಕಾರ ಹೇಳೋದೂ ಅದನ್ನೇ: ಮರದಲ್ಲೂ ಸೈ, ನೆಲದಲ್ಲೂ ಸೈ.

ಹಾಗಾದ್ರೆ ನಮ್ಮ ಮುಸಿಯನ ಅಜ್ಜ ಇದೇನಾ? ಅದರಲ್ಲಿ ವಿಜ್ಞಾನಿಗಳಿಗೆ ಒಮ್ಮತ ಇಲ್ಲ. ಸೋದರಸಂಬಂಧಿ ಅನ್ನೋದಂತೂ ಖಚಿತ. ಏಷ್ಯಾದಲ್ಲಿ ಈ ಕುಲ ಇವತ್ತಿಗೂ ಹಬ್ಬಿಕೊಂಡಿದೆ, ಯುರೋಪಲ್ಲಿ ಒಂದೂ ಉಳಿದಿಲ್ಲ. ಜಿಬ್ರಾಲ್ಟರ್‌ನಲ್ಲಿ ಮಂಗ ಇವೆಯಲ್ಲಾ ಅಂತ ಕೇಳೋರಿಗೆ: ಅವು ಮಕಾಕ್, ಕೋತಿ ಕಡೆಯವು.

ಶಿವಾಲಿಕ್‌ನಲ್ಲಿ ಏನೇನು ಸಿಕ್ತು ಅನ್ನೋದು ಮುಂದಿನ ಎಪಿಸೋಡ್‌ಗೆ. ಸಿಗೋಣ.