ಹೃದಯಾಘಾತದ ನಂತರದ ಬದುಕು

ಕಳೆದ ಶ್ರಾವಣದ ಒಂದು ಸೋಮವಾರ ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಯಲಬುರ್ಗಾ ತಾಲೂಕಿನ ಭಕ್ತರೊಬ್ಬರು ನಮ್ಮ ಪಕ್ಕದಲ್ಲಿ ಕುಳಿತಿದ್ದರು. ಹಿಂದಿನ ವರ್ಷ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿತ್ತು. ಉಪ್ಪಿನಕಾಯಿ ಬಡಿಸುವವರಿಗೆ ನಾವು ಕೈ ಅಡ್ಡ ಹಿಡಿದುದನ್ನು ನೋಡಿ ಅವರು ನಕ್ಕರು. "ಡಾಕ್ಟ್ರ, ಸ್ಪ್ರಿಂಗ್ ಹಾಕಿಸ್ಕೊಂಡ ಮ್ಯಾಲ ಎಲ್ಲಾ ಸರಿ ಆದಂಗ ಅಲ್ಲೇನ್ರಿ? ಇನ್ನ ಯಾಕ ಈ ಪಥ್ಯ?" ಎಂದರು. ಪಂಕ್ತಿಯಲ್ಲಿ ಕುಳಿತು ಉತ್ತರಿಸುವಷ್ಟು ಚಿಕ್ಕ ಪ್ರಶ್ನೆಯಾಗಿರಲಿಲ್ಲ ಅದು. ಅದಕ್ಕೆ ಉತ್ತರವಾಗಿ ಈ ಲೇಖನ. ವೈದ್ಯರಾಗಿ ಮಾತ್ರವಲ್ಲ, ಅದೇ ಕಾಯಿಲೆಯನ್ನು ಅನುಭವಿಸಿ ಉಳಿದವರಾಗಿಯೂ ನಾವು ಇದನ್ನು ಬರೆಯುತ್ತಿದ್ದೇವೆ.

ನಮಗೆ ಹೃದಯಾಘಾತವಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಕುಷ್ಟಗಿಯ ನಮ್ಮ ಚಿಕಿತ್ಸಾಲಯದಲ್ಲಿ ಬೆಳಗಿನ ರೋಗಿಗಳನ್ನು ನೋಡುತ್ತಿರುವಾಗ ಎದೆಯ ನಡುವೆ ಯಾರೋ ರುಬ್ಬುಗುಂಡು ಇಟ್ಟಂತೆ ಭಾರವಾಯಿತು. ಎಡಗೈ ನೋಯಲಿಲ್ಲ. ದವಡೆ ಹಿಡಿದಂತಾಗಿ, ಮೈ ತಣ್ಣಗೆ ಬೆವರಿತು. ಹಿಂದಿನ ರಾತ್ರಿ ಮದುವೆಯೊಂದರಲ್ಲಿ ಊಟ ಹೆಚ್ಚಾಗಿತ್ತು. ಆದುದರಿಂದ ಇದು ಆಮ್ಲಪಿತ್ತವೇ ಸರಿ ಎಂದು ನಾವೇ ತೀರ್ಪು ಕೊಟ್ಟುಕೊಂಡು, ಕಪಾಟಿನಿಂದ ಚೂರ್ಣ ತೆಗೆದು ಬಿಸಿನೀರಿನಲ್ಲಿ ಸೇವಿಸಿ ಒರಗಿ ಕುಳಿತೆವು. ಹೀಗೆ ಎರಡು ಗಂಟೆ ಕಳೆಯಿತು. ಬೇರೆ ಯಾರಾದರೂ ಇದೇ ಲಕ್ಷಣ ಹೇಳಿ ಎದುರಿಗೆ ಬಂದಿದ್ದರೆ ನಾವು ಕ್ಷಣವೂ ತಡಮಾಡದೆ ಇಸಿಜಿಗೆ ಕಳುಹಿಸುತ್ತಿದ್ದೆವು. ನಮ್ಮ ವಿಷಯದಲ್ಲಿ ಮಾತ್ರ ಮೂವತ್ತು ವರ್ಷಗಳ ವೈದ್ಯಕೀಯವೇ ನಮಗೆ ಅಡ್ಡ ನಿಂತಿತು.

ನಮ್ಮನ್ನು ಉಳಿಸಿದವರು ನಮ್ಮ ಮನೆಯವರು. ಮಧ್ಯಾಹ್ನದ ಊಟಕ್ಕೆ ಕರೆಯಲು ಬಂದವರು ಮುಖ ನೋಡಿದೊಡನೆ, "ಇದು ಪಿತ್ತ ಅಲ್ಲರೀ, ನಿಮ್ಮ ಪುಡಿ ಅಲ್ಲೇ ಇಡ್ರಿ, ಏಳ್ರಿ ಮೊದಲ" ಎಂದು ಗಾಡಿ ಕರೆಸಿದರು. ಸ್ಥಳೀಯ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆದು, ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟು, ಕೊಪ್ಪಳಕ್ಕೆ ಕಳುಹಿಸಿದರು. ಒಂದು ಗಂಟೆಗೂ ಮಿಕ್ಕಿದ ಆ ದಾರಿ ನಮಗೆ ಕಾಶಿಯಷ್ಟು ದೂರವೆನಿಸಿತು. ಕೊಪ್ಪಳದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರು. ಮರುದಿನ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಚೂರ್ಣ ಸೇವಿಸಿ ಕುಳಿತ ಆ ಎರಡು ಗಂಟೆಯಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಅದು ಮರಳಿ ಚಿಗುರುವಂಥದಲ್ಲ. ಇಂದಿಗೂ ಎರಡನೆಯ ಮಹಡಿ ಏರುವಾಗ ಆ ಎರಡು ಗಂಟೆಗಳ ಲೆಕ್ಕ ನಮಗೆ ಸಿಗುತ್ತದೆ.

ಇಷ್ಟನ್ನು ಹೇಳಿದ್ದು ಏಕೆಂದರೆ, ಹೃದಯಾಘಾತದಲ್ಲಿ ಮೊದಲ ಔಷಧ ಸಮಯ. ಹೃದಯಕ್ಕೆ ರಕ್ತ ಒಯ್ಯುವ ನಾಳದೊಳಗೆ ವರ್ಷಗಳಿಂದ ಕಟ್ಟಿದ ಕೊಬ್ಬಿನ ಪದರು ಒಂದು ದಿನ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಕಾಲುವೆಯ ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗುವಂತೆ, ಆ ನಾಳ ಸಾಕುವ ಸ್ನಾಯು ಅರ್ಧ ಗಂಟೆಯೊಳಗೇ ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಮದ್ದು ಮೊದಲ ಮೂರು ಗಂಟೆಯೊಳಗೆ ಹೆಚ್ಚು ಫಲ ಕೊಡುತ್ತದೆ. ಹನ್ನೆರಡು ಗಂಟೆ ಮೀರಿದರೆ ಅದರ ಪ್ರಯೋಜನ ಬಹಳ ಕಡಿಮೆ. ಎಲ್ಲರಿಗೂ ಎಡಗೈ ನೋಯುವುದಿಲ್ಲ. ಮಧುಮೇಹಿಗಳಲ್ಲಿ ನೋವೇ ಇಲ್ಲದಿರಬಹುದು. ತಾಯಂದಿರಲ್ಲಿ ಸುಸ್ತು, ವಾಕರಿಕೆ, ಬೆನ್ನುನೋವು, ಉಸಿರು ಕಟ್ಟುವಿಕೆ ಇಷ್ಟೇ ಕಾಣಬಹುದು. ಮನೆಯ ಗಂಡಸಿಗೆ ಎದೆ ಹಿಡಿದರೆ ಗಾಡಿ ಬರುತ್ತದೆ, ಹೆಣ್ಣುಮಗಳಿಗೆ ಹಿಡಿದರೆ ಸೋಡಾ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಬೆಚ್ಚಿತು. ಮುಂದಿನ ದಿನಗಳಲ್ಲಿ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಸಂಸ್ಥೆ ಅದು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ. ಕಲಬುರಗಿಯಲ್ಲೂ ಅದರ ಆಸ್ಪತ್ರೆ ಇರುವುದು ನಮ್ಮ ಭಾಗದ ಪುಣ್ಯ. 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಪುನೀತ್ ಅವರ ಹೆಸರಿನಲ್ಲಿಯೇ 'ಹೃದಯ ಜ್ಯೋತಿ' ಯೋಜನೆಯನ್ನು ಆರಂಭಿಸಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಆಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ, ಹತ್ತಾರು ಸಾವಿರ ರೂಪಾಯಿ ಬೆಲೆಯ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ದೊರೆಯುತ್ತದೆ ಎಂಬುದನ್ನು ಈಗಲೇ ಕೇಳಿ ಗೋಡೆಯ ಮೇಲೆ ಬರೆದಿಡಿ. ಎದೆ ಹಿಡಿದ ಮೇಲೆ ಕೇಳುವ ಮಾತಲ್ಲ ಅದು. ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ, 108ಕ್ಕೆ ಕರೆಮಾಡಿ.

ಇನ್ನು ಯಲಬುರ್ಗಾದ ಆ ಭಕ್ತರ ಪ್ರಶ್ನೆಗೆ ಬರೋಣ. ಸ್ಟೆಂಟ್ ಮುಚ್ಚಿದ ಒಂದು ಜಾಗವನ್ನು ತೆರೆಯುತ್ತದೆ, ಅಷ್ಟೇ. ಕೊಬ್ಬು ಕಟ್ಟಿಸಿದ ಕಾರಣಗಳು ಮೈಯಲ್ಲಿ ಹಾಗೆಯೇ ಇರುತ್ತವೆ. ಉಳಿದ ನಾಳಗಳೂ ಅದೇ ರಕ್ತದಲ್ಲಿ ಬದುಕುತ್ತಿವೆ. ಮೇಲಾಗಿ ಸ್ಟೆಂಟ್ ಒಂದು ಲೋಹದ ಜಾಲ. ಅದರ ಮೇಲೆ ಮೈಯ ಪದರು ಬೆಳೆಯುವವರೆಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಬಿಡದೆ ತೆಗೆದುಕೊಳ್ಳಬೇಕು. ಅನಂತರವೂ ಒಂದನ್ನು ಮುಂದುವರಿಸಬೇಕಾಗುತ್ತದೆ. ಕೊಬ್ಬಿನ ಮಾತ್ರೆ, ರಕ್ತದೊತ್ತಡದ ಮಾತ್ರೆಗಳೂ ಹಾಗೆಯೇ.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮಗೆ ಆಘಾತವಾಗುವ ಎಷ್ಟೋ ವರ್ಷ ಮೊದಲು ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರ ಹಮಾಲರೊಬ್ಬರು ಸ್ಟೆಂಟ್ ಹಾಕಿಸಿಕೊಂಡ ನಂತರ ನಮ್ಮಲ್ಲಿಗೆ ಬಂದರು. ಹೊಳೆಮತ್ತಿಯ ತೊಗಟೆಯ ಕಷಾಯವನ್ನು ಕೊಟ್ಟೆವು. ಆಯುರ್ವೇದದಲ್ಲಿ ಅರ್ಜುನವೆಂದು ಕರೆಯುವ ಈ ಮರ ಹೃದ್ರೋಗಕ್ಕೆ ಬಹುಕಾಲದಿಂದ ಹೆಸರಾದದ್ದು. ಅವರಿಗೆ ಹಗುರವೆನಿಸಿತು, ಸಂತೋಷದಿಂದ ಹೋದರು. "ಆ ಮಾತ್ರೆಗಳನ್ನು ಬಿಡಬೇಡಿ" ಎಂಬ ಒಂದು ಮಾತನ್ನು ನಾವು ಹೇಳಿರಲಿಲ್ಲ. ಬಿಡಿರೆಂದೂ ಹೇಳಿರಲಿಲ್ಲ ನಿಜ. ನಮ್ಮ ಕಷಾಯದ ಮೇಲಿನ ನಂಬಿಕೆಯಿಂದ ಅವರೇ ಮಾತ್ರೆ ನಿಲ್ಲಿಸಿದರು. ತಿಂಗಳಿಗಾಗುವ ಖರ್ಚು ಉಳಿಯಿತೆಂದು ಮನೆಯವರೂ ಸುಮ್ಮನಿದ್ದರು. ಐದನೆಯ ವಾರ ಸ್ಟೆಂಟ್ ಮುಚ್ಚಿತು. ಅವರ ಮಗ ನಮ್ಮಲ್ಲಿಗೆ ಬಂದು ಖಾಲಿ ಕಷಾಯದ ಬಾಟಲಿಯನ್ನು ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದನು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಅಂದಿನಿಂದ ಹೃದಯದ ರೋಗಿ ಬಂದರೆ ನಾವು ಮೊದಲು ಕೇಳುವುದು ಮಾತ್ರೆಯ ಪಟ್ಟಿಯನ್ನು. ಅದನ್ನು ಕಣ್ಣಿಂದ ಕಂಡ ನಂತರವೇ ನಾಡಿ ಹಿಡಿಯುತ್ತೇವೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 26ನೆಯ ಅಧ್ಯಾಯಕ್ಕೆ 'ತ್ರಿಮರ್ಮೀಯ' ಎಂದು ಹೆಸರು. ಶಿರಸ್ಸು, ಹೃದಯ, ಬಸ್ತಿ ಇವು ಮೂರು ಮುಖ್ಯ ಮರ್ಮಗಳೆಂದೂ ಇವುಗಳ ರಕ್ಷಣೆಗೆ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕೆಂದೂ ಆಚಾರ್ಯರ ಅಭಿಪ್ರಾಯ. ಇಂಥ ಮರ್ಮದ ವಿಷಯದಲ್ಲಿ ಅಲೋಪಥಿ ದೊಡ್ಡದೋ ಆಯುರ್ವೇದ ದೊಡ್ಡದೋ ಎಂಬ ಜಗಳಕ್ಕೆ ಅವಕಾಶವೇ ಇಲ್ಲ. ಯಾವ ಪದ್ಧತಿಯ ಔಷಧ ಸೇರಿಸುವುದಿದ್ದರೂ ಹೃದಯ ತಜ್ಞರಿಗೆ ತಿಳಿಸಿಯೇ ಸೇರಿಸಬೇಕು.

ಆಹಾರದ ವಿಷಯದಲ್ಲಿ ನಾವು ಸ್ವಲ್ಪ ಹೆಚ್ಚು ಮಾತಾಡುತ್ತೇವೆ, ಓದುಗರು ಕ್ಷಮಿಸಬೇಕು. ನಮ್ಮ ಜಿಲ್ಲೆಯ ಹಳೆಯ ಊಟವೇ ಹೃದಯಕ್ಕೆ ಒಳ್ಳೆಯ ಊಟವಾಗಿತ್ತು. ಯಲಬುರ್ಗಾದ ಎರೆಭೂಮಿಯ ಬಿಳಿಜೋಳ, ಕುಷ್ಟಗಿಯ ಮಸಾರಿಯ ಸಜ್ಜೆ, ಮಡಿಕೆ ಕಾಳು, ಹೆಸರುಕಾಳು, ಪುಂಡಿಪಲ್ಲೆ, ಅಗಸಿ ಚಟ್ನಿ, ತೆಳು ಮಜ್ಜಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಬಡವರ ಹೊಟ್ಟೆ ತುಂಬಿತು, ಅದನ್ನು ಹಳಿಯುವವರು ನಾವಲ್ಲ. ಆದರೆ ಹಬ್ಬಕ್ಕೆ ಉಣ್ಣುತ್ತಿದ್ದ ಬಿಳಿಯ ಅನ್ನ ಮೂರು ಹೊತ್ತಿನ ಊಟವಾಯಿತು. ಮೈಬೆವರಿನ ದುಡಿಮೆ ಯಂತ್ರಕ್ಕೆ ಹೋಯಿತು. ತಾಟಿನಲ್ಲಿಯ ಅನ್ನ ಮಾತ್ರ ಹಮಾಲರ ಅಳತೆಯಲ್ಲೇ ಉಳಿಯಿತು. ಈಗ ಮನೆಯಲ್ಲಿ ನಮ್ಮ ಊಟ ಎರಡು ರೊಟ್ಟಿ, ಅದರ ಎರಡರಷ್ಟು ಪಲ್ಯ, ಒಂದು ಬಟ್ಟಲು ಕಾಳು, ಮೇಲೆ ಒಂದು ಹಿಡಿ ಅನ್ನ. ರಾತ್ರಿ ಎಂಟರೊಳಗೆ ಮುಗಿಯುತ್ತದೆ. ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದನ್ನು ನಮ್ಮ ಶಾಸ್ತ್ರ 'ಅಧ್ಯಶನ' ಎಂದು ಕರೆದು ನಿಷೇಧಿಸಿದೆ. ಸಂಜೆಯ ಒಗ್ಗರಣಿ-ಮಿರ್ಚಿ ಎಂದರೆ ಅದೇ.

ಮಿರ್ಚಿಯ ಹೆಸರು ಬಂದಾಗ ಕೆಲವರಿಗೆ ನೋವಾಗುತ್ತದೆಂದು ಬಲ್ಲೆವು. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ರೊಟ್ಟಿ, ಮಾದಲಿಗಳೊಡನೆ ಮಿರ್ಚಿಯೂ ಪ್ರಸಾದವೇ. ವರ್ಷಕ್ಕೊಮ್ಮೆ ಒಂದು ತುಣುಕು ಪ್ರಸಾದವೆಂದು ಸ್ವೀಕರಿಸಿದರೆ ಯಾರ ಹೃದಯವೂ ನಿಲ್ಲುವುದಿಲ್ಲ. ತೊಂದರೆ ಇರುವುದು ಬಸ್ ನಿಲ್ದಾಣದ ಮುಂದಿನ ಕಡಾಯಿಯಲ್ಲಿ, ದಿನದಿನವೂ ಕಾಯ್ದು ಕಪ್ಪಾದ ಅದೇ ಎಣ್ಣೆಯಲ್ಲಿ. ಉಪ್ಪು ದಿನಕ್ಕೆ ಒಟ್ಟು ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಿರ್ಚಿಯ ಸೋಡಾ ಇವೆಲ್ಲ ಆ ಲೆಕ್ಕದೊಳಗೇ ಬರುತ್ತವೆ.

ಬೀಡಿ, ಗುಟ್ಕಾ, ಸುಣ್ಣ-ತಂಬಾಕುಗಳ ಬಗ್ಗೆ ಚರ್ಚೆಯೇ ಬೇಡ, ಅಂದೇ ಬಿಡಬೇಕು. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಅದರಿಂದ ಬಂದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಲಾಭ ಕೊಡುವ ರಸಾಯನ ನಮ್ಮ ಕಪಾಟಿನಲ್ಲಿಲ್ಲ.

ನಡಿಗೆಗೆ ವಾಗ್ಭಟಾಚಾರ್ಯರ ಒಂದು ಅಳತೆ ನಮಗೆ ದಾರಿ ತೋರಿತು. ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ಅಷ್ಟಾಂಗಹೃದಯ ಹೇಳುತ್ತದೆ. ಆಸ್ಪತ್ರೆಯಿಂದ ಬಂದ ಮೊದಲ ವಾರ ಅಂಗಳದಲ್ಲಿ ಐದು ನಿಮಿಷ, ಮುಂದಿನ ವಾರ ಹತ್ತು. ಹೀಗೆ ತಜ್ಞರನ್ನು ಕೇಳುತ್ತ ಮೂವತ್ತು ನಿಮಿಷಕ್ಕೆ ತಲುಪಲು ನಮಗೆ ಎರಡು ತಿಂಗಳು ಹಿಡಿಯಿತು. ನಡೆಯುತ್ತ ಮಾತಾಡಲು ಸಾಧ್ಯವಾಗಬೇಕು, ಏದುಸಿರು ಬಂದರೆ ಅರ್ಧಬಲ ಮೀರಿತೆಂದೇ ಅರ್ಥ. ರೈತರು ನೇಗಿಲು, ಮೂಟೆ, ಪಂಪಿನ ಚಕ್ರಕ್ಕೆ ಕೈ ಹಚ್ಚುವ ಮೊದಲು ತಜ್ಞರ ಒಪ್ಪಿಗೆ ಪಡೆಯಲೇಬೇಕು.

ಕಾಯಿಲೆಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ಭಯ. ರಾತ್ರಿ ಎದೆಯಲ್ಲಿ ಗಾಳಿ ಆಡಿದರೂ ಎದ್ದು ಕೂರುತ್ತಿದ್ದೆವು. ಮನೆಯವರೂ ನಿದ್ದೆಗೆಡುತ್ತಿದ್ದರು. ಇದು ಬಹುತೇಕ ಎಲ್ಲರಿಗೂ ಆಗುತ್ತದೆ, ನಾಚಿಕೆ ಪಡದೆ ವೈದ್ಯರಿಗೆ ಹೇಳಬೇಕು. ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ ಉಸಿರನ್ನು ನಿಧಾನವಾಗಿ ಗಮನಿಸುತ್ತ ಕೂರುವುದು ನಮಗೆ ಮೆಲ್ಲನೆ ನೆರವಾಯಿತು. ಹಳೆಯ ಕಾಯಕಕ್ಕೆ ಮರಳಿದ್ದು ಅದಕ್ಕಿಂತ ಹೆಚ್ಚು ನೆರವಾಯಿತು, ಆದರೆ ದಿನಕ್ಕೆ ನಲವತ್ತು ರೋಗಿಗಳಲ್ಲ, ಹದಿನೈದು.

ಆ ಯಲಬುರ್ಗಾದ ಭಕ್ತರು ಕಳೆದ ತಿಂಗಳು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಾತ್ರೆಯ ಪಟ್ಟಿ ಕೇಳಿದೆವು. ಧೋತರದ ಗಂಟಿನಿಂದ ತೆಗೆದರು. ಎರಡರಲ್ಲಿ ಒಂದು ಮಾತ್ರೆ ಮೂರು ವಾರದಿಂದ ಇರಲಿಲ್ಲ. "ಆರಾಮ ಅದೀನಲ್ರಿ, ಅದಕ್ಕ ಬಿಟ್ಟೆ" ಎಂದರು. ಸ್ಟೆಂಟ್ ಹಾಕಿ ಹತ್ತು ತಿಂಗಳಾಗಿತ್ತು. ಅವರ ಎದುರಿನಲ್ಲೇ ಅವರ ಹೃದಯ ತಜ್ಞರಿಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಪಕ್ಕದ ಔಷಧದಂಗಡಿಯಿಂದ ಮಾತ್ರೆ ತರಿಸಿ, ನೀರು ಕೊಟ್ಟು ನುಂಗಿಸಿ ಕಳುಹಿಸಿದೆವು. ಬರುವ ಅಮಾವಾಸ್ಯೆಗೆ ಶ್ರೀಮಠಕ್ಕೆ ಬಂದಾಗ ಖಾಲಿಯಾದ ಹಾಳೆಯನ್ನು ತೋರಿಸಬೇಕೆಂದು ಹೇಳಿದ್ದೇವೆ.