ಮನೆಯ ದೀಪದ ಸ್ವಿಚ್ಚುಗಳ ಸಂಕೇತಭಾಷೆಯೂ ಅದರ ದುಭಾಷಿಯೂ

೧. ವಿಷಯಪ್ರವೇಶ

ಗೋಡೆಯ ಮೇಲಣ ಸಾಮಾನ್ಯ ವಿದ್ಯುತ್ ಸ್ವಿಚ್ಚಿಗೂ ದೀಪಕ್ಕೂ ಇರುವ ಸಂಬಂಧವು ತಂತಿಯ ಸಂಬಂಧವೇ ಹೊರತು ಮಾತಿನ ಸಂಬಂಧವಲ್ಲ. ಸ್ವಿಚ್ಚನ್ನು ಒತ್ತಿದರೆ ತಂತಿ ಕೂಡುತ್ತದೆ, ಪ್ರವಾಹವು ಹರಿಯುತ್ತದೆ, ದೀಪವು ಬೆಳಗುತ್ತದೆ. ಅಲ್ಲಿ ಅರ್ಥವನ್ನು ಗ್ರಹಿಸತಕ್ಕವರು ಯಾರೂ ಇಲ್ಲ. ‘ಸ್ಮಾರ್ಟ್ ಸ್ವಿಚ್’ ಎಂದು ಈಗ ವ್ಯವಹಾರದಲ್ಲಿರುವ ಸಾಧನದ ರೀತಿಯೇ ಬೇರೆ. ಅದರೊಳಗೆ ಸಣ್ಣದೊಂದು ಗಣಕವಿದ್ದು, ಅದು ಬೇರೆ ಕಡೆಯಿಂದ ಬಂದ ಆಜ್ಞೆಯನ್ನು ಕೇಳಿ, ತಿಳಿದು, ನಡೆಸಿ, ನಡೆಸಿದುದನ್ನು ಮರಳಿ ತಿಳಿಸುತ್ತದೆ. ಎಂದರೆ ಇಲ್ಲಿ ವಕ್ತೃವೂ ಉಂಟು, ಶ್ರೋತೃವೂ ಉಂಟು, ಅವರ ನಡುವೆ ಒಂದು ಭಾಷೆಯೂ ಉಂಟು. ಆದುದರಿಂದ ಈ ವಿಷಯವು ಯಂತ್ರಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ಶಬ್ದಾರ್ಥವಿಚಾರದಲ್ಲಿ ಆಸಕ್ತಿಯುಳ್ಳವರಿಗೂ ಪರಿಶೀಲನಾರ್ಹವಾಗಿದೆ.

ಮನೆಯ ದೀಪ, ಫ್ಯಾನು, ಬಾಗಿಲು ಮೊದಲಾದವನ್ನೆಲ್ಲ ಒಂದೆಡೆಯಿಂದ ನಡೆಸುವ ಯಂತ್ರಕ್ಕೆ ‘ಹಬ್’ ಎಂದು ಹೆಸರು. ಮುಂದೆ ಅದನ್ನು ಕೇಂದ್ರಯಂತ್ರವೆಂದು ಕರೆಯಲಾಗುವುದು. ಸ್ವಿಚ್ಚಿನ ಭಾಷೆಯು ಒಬ್ಬ ತಯಾರಕನ ಸ್ವಂತದ್ದಾಗಿ, ಕೇಂದ್ರಯಂತ್ರವು ಬೇರೊಬ್ಬರದಾಗಿರುವಲ್ಲಿ ಇವೆರಡನ್ನೂ ಕೂಡಿಸುವುದು ಹೇಗೆ, ಹಾಗೆ ಕೂಡಿಸಿದ ಸಂಬಂಧವು ಯಾವ ಆಧಾರದಿಂದ ಸ್ಥಿರವಾಗಿ ನಿಲ್ಲುತ್ತದೆ ಎಂಬುದೇ ಪ್ರಕೃತ ವಿಚಾರ. ಅಮೆರಿಕೆಯ ‘ಇನ್‌ಸ್ಟಿಯಾನ್’ ಸ್ವಿಚ್ಚುಗಳ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

೨. ಸಂಕೇತದ ಬಗೆಗಳು

ಶಬ್ದಾರ್ಥಸಂಬಂಧವನ್ನು ವಿಚಾರಿಸಿದ ಶಾಸ್ತ್ರಕಾರರು ಸಂಕೇತವನ್ನು ಆಜಾನಿಕವೆಂದೂ ಆಧುನಿಕವೆಂದೂ ಎರಡಾಗಿ ವಿಭಾಗಿಸಿದ್ದಾರೆ. ಅನಾದಿಯಾಗಿ ಲೋಕದಲ್ಲಿ ನಡೆದುಬಂದದ್ದು ಮೊದಲನೆಯದು. ಒಬ್ಬ ಶಾಸ್ತ್ರಕಾರನು ಒಂದು ಕಾಲದಲ್ಲಿ ಏರ್ಪಡಿಸಿದ್ದು ಎರಡನೆಯದು. ‘ಗೋ’ ಎಂಬ ಶಬ್ದದಿಂದ ಹಸುವನ್ನು ತಿಳಿಯುವುದು ಮೊದಲನೆಯ ಬಗೆ. ‘ವೃದ್ಧಿ’ ಎಂಬ ಶಬ್ದದಿಂದ ಆ, ಐ, ಔ ಎಂಬ ವರ್ಣಗಳನ್ನು ತಿಳಿಯುವುದು ಪಾಣಿನಿಯ ವ್ಯವಸ್ಥೆಯಿಂದಾದ ಎರಡನೆಯ ಬಗೆ. ಯಂತ್ರಗಳ ಭಾಷೆಗಳೆಲ್ಲವೂ ಈ ಎರಡನೆಯ ವರ್ಗಕ್ಕೆ ಸೇರಿದವು.

ಅವುಗಳಲ್ಲಿಯೂ ಮತ್ತೆ ಎರಡು ವಿಧಗಳುಂಟು. ಸಂಕೇತವನ್ನು ಪ್ರಕಟಿಸಿ, ಬೇರೆಬೇರೆ ತಯಾರಕರು ಒಂದೇ ನಿಯಮದಂತೆ ಬಳಸಲೆಂದು ಏರ್ಪಡಿಸಿದ್ದು ಮುಕ್ತಸಂಕೇತ. ಒಬ್ಬ ತಯಾರಕನು ತನ್ನ ಸ್ವಾಮ್ಯದಲ್ಲಿಯೇ ಇಟ್ಟುಕೊಂಡು ತನ್ನ ಸಾಧನಗಳಿಗಾಗಿ ಕಲ್ಪಿಸಿದ್ದು ಸ್ವಾಮ್ಯಸಂಕೇತ. ಪಾಣಿನಿಯು ಸಂಜ್ಞಾಸೂತ್ರಗಳನ್ನು ಹೇಳದೆ ತನ್ನಲ್ಲಿಯೇ ಉಳಿಸಿಕೊಂಡಿದ್ದರೆ ಉಳಿದ ಸೂತ್ರಗಳು ಎಷ್ಟು ನಿರ್ದುಷ್ಟವಾಗಿದ್ದರೂ ಅರ್ಥವಾಗುತ್ತಿರಲಿಲ್ಲ. ಸಂಕೇತವು ಪೂರ್ತಿಯಾಗಿ ಮುಚ್ಚಿಹೋದ ಸ್ವಿಚ್ಚಿನ ಅವಸ್ಥೆಯೂ ಅದೇ.

ಮನೆಯ ಸಾಧನಗಳಿಗೆ ಭಾಷೆಯನ್ನು ಕಲ್ಪಿಸಿದ ಪ್ರಯತ್ನಗಳಲ್ಲಿ ಮೊದಲು ಪ್ರಸಿದ್ಧವಾದದ್ದು ‘ಎಕ್ಸ್‌ಟೆನ್’. ಸ್ಕಾಟ್ಲೆಂಡಿನ ಗ್ಲೆನ್‌ರೋಥ್ಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಇದನ್ನು ೧೯೭೫ರಲ್ಲಿ ರಚಿಸಿದರು. ಮನೆಯ ವಿದ್ಯುತ್ ತಂತಿಗಳಲ್ಲಿಯೇ ೧೨೦ ಕಿಲೊಹರ್ಟ್ಸ್ ಆವೃತ್ತಿಯ ಕಿರುಸ್ಪಂದಗಳನ್ನು ಹಾಯಿಸಿ ಆಜ್ಞೆಯನ್ನು ತಿಳಿಸುವುದು ಇದರ ಕ್ರಮ. ೧೬ ಗೃಹಸಂಕೇತಗಳೂ ಪ್ರತಿಯೊಂದರಲ್ಲಿ ೧೬ ಸಾಧನಸಂಕೇತಗಳೂ ಸೇರಿ ಒಟ್ಟು ೨೫೬ ಹೆಸರುಗಳು ಮಾತ್ರ ಇದ್ದವು. ಇದರಲ್ಲಿ ಎರಡು ದೋಷಗಳು ಕಂಡುಬಂದವು. ನೆರೆಮನೆಯವರೂ ಅದೇ ಹೆಸರನ್ನು ಇಟ್ಟುಕೊಂಡರೆ ಒಬ್ಬರ ಆಜ್ಞೆಯಿಂದ ಇನ್ನೊಬ್ಬರ ದೀಪವು ಹತ್ತುವ ಸಂಭವವಿತ್ತು, ಇದು ನಾಮಸಾಂಕರ್ಯ. ಸಾಮಾನ್ಯವಾಗಿ ಶ್ರೋತೃವಿನಿಂದ ಉತ್ತರವು ಬಾರದಿದ್ದುದರಿಂದ ಆಜ್ಞೆಯು ತಲಪಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇದು ಎರಡನೆಯ ದೋಷ.

೩. ಇನ್‌ಸ್ಟಿಯಾನ್ ಭಾಷೆಯ ವಾಕ್ಯರಚನೆ

ಈ ಎರಡು ದೋಷಗಳನ್ನೂ ಪರಿಹರಿಸುವ ಉದ್ದೇಶದಿಂದ ಕ್ಯಾಲಿಫೋರ್ನಿಯದ ಸ್ಮಾರ್ಟ್‌ಲ್ಯಾಬ್ಸ್ ಸಂಸ್ಥೆಯವರು ೨೦೦೫ರಲ್ಲಿ ಇನ್‌ಸ್ಟಿಯಾನನ್ನು ಹೊರತಂದರು. ಇದರಲ್ಲಿ ಪ್ರತಿಯೊಂದು ಸಾಧನಕ್ಕೂ ಕಾರ್ಖಾನೆಯಲ್ಲಿಯೇ ೩ ಬೈಟುಗಳ ಹೆಸರಿಡಲಾಗುತ್ತದೆ. ೩ ಬೈಟುಗಳಿಂದ ೧,೬೭,೭೭,೨೧೬ ಭಿನ್ನವಾದ ಹೆಸರುಗಳು ದೊರೆಯುವುದರಿಂದ ನೆರೆಮನೆಯ ಸಾಂಕರ್ಯಕ್ಕೆ ಅವಕಾಶವಿಲ್ಲ. ಮಾತು ವಿದ್ಯುತ್ ತಂತಿಯಲ್ಲಿಯೂ ರೇಡಿಯೋ ತರಂಗದಲ್ಲಿಯೂ ಹೋಗಬಲ್ಲುದು. ಒಂದು ಸಾಧನದ ಮಾತನ್ನು ಕೇಳಿದ ಉಳಿದ ಸಾಧನಗಳು ಅದನ್ನು ಒಟ್ಟಿಗೆ ಪುನರುಚ್ಚರಿಸಿ ದೂರಕ್ಕೆ ಮುಟ್ಟಿಸುತ್ತವೆ. ಇಂತಹ ಪುನರುಚ್ಚಾರಣೆಗೆ ೩ ಸಲದ ಮಿತಿಯುಂಟು. ಆಜ್ಞೆಯನ್ನು ಪಡೆದ ಸಾಧನವು ಉತ್ತರವನ್ನು ಕೊಡುತ್ತದೆ. ಬಾರದಿದ್ದರೆ ವಕ್ತೃವು ಮತ್ತೆ ಹೇಳುತ್ತದೆ.

ಈ ಭಾಷೆಯ ಸಾಮಾನ್ಯವಾಕ್ಯದಲ್ಲಿ ೧೦ ಬೈಟುಗಳಿರುತ್ತವೆ. ಮೊದಲ ೩ ಬೈಟುಗಳು ಹೇಳುವವನ ಹೆಸರು. ಮುಂದಿನ ೩ ಕೇಳತಕ್ಕವನ ಹೆಸರು. ಏಳನೆಯದು ಇದು ಆಜ್ಞೆಯೋ ಉತ್ತರವೋ, ಇನ್ನೆಷ್ಟು ಸಲ ಪುನರುಚ್ಚರಿಸಬಹುದು ಎಂಬುದನ್ನು ತಿಳಿಸುತ್ತದೆ. ಎಂಟನೆಯದೂ ಒಂಬತ್ತನೆಯದೂ ಕ್ರಿಯೆಯನ್ನು ತಿಳಿಸುತ್ತವೆ. ಕೊನೆಯದು ಮಾತು ನಡುದಾರಿಯಲ್ಲಿ ಕೆಟ್ಟಿದೆಯೇ ಎಂಬ ಪರೀಕ್ಷೆಗಾಗಿ ಇರುವುದು. ಷೋಡಶಮಾನದ ಸಂಖ್ಯೆಯಲ್ಲಿ ೧೧ ಎಂದರೆ ‘ಬೆಳಗು’, ೧೩ ಎಂದರೆ ‘ಆರು’. ಬೆಳಕನ್ನು ಹೆಚ್ಚುಕಡಿಮೆ ಮಾಡಬಲ್ಲ ಸ್ವಿಚ್ಚಿಗೆ ‘ಬೆಳಗು’ ಎಂಬ ಆಜ್ಞೆಯಾದಾಗ ಅದರ ಮುಂದಿನ ಬೈಟು ೦ಯಿಂದ ೨೫೫ರ ವರೆಗೆ ಬೆಳಕಿನ ಪ್ರಮಾಣವನ್ನು ಹೇಳುತ್ತದೆ. ಹೀಗೆ ಸಂಬೋಧ್ಯನ ಹೆಸರು, ಕ್ರಿಯಾಪದ, ಕ್ರಿಯಾವಿಶೇಷಣ ಎಂಬ ಅಂಗಗಳೆಲ್ಲವೂ ಗೊತ್ತಾದ ಸ್ಥಾನಗಳಲ್ಲಿ ನಿಂತಿವೆ. ವಿಭಕ್ತಿಯ ಕೆಲಸವನ್ನು ಇಲ್ಲಿ ಸ್ಥಾನವೇ ಮಾಡುತ್ತದೆ.

ಈ ಭಾಷೆಯು ಸ್ವಾಮ್ಯಕ್ಕೆ ಒಳಪಟ್ಟದ್ದಾದರೂ ಇದರ ವ್ಯಾಕರಣವು ಮುಚ್ಚಿಹೋಗಿರಲಿಲ್ಲ. ತಯಾರಕರೇ ಇದರ ವಿವರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. ಮುಂದೆ ದುಭಾಷಿಗಳು ಹುಟ್ಟಿಕೊಳ್ಳುವುದಕ್ಕೆ ಇದೇ ಆಧಾರವಾಯಿತು.

೪. ದುಭಾಷಿಯೂ ಅಧಿಕಾರವೂ

ಕೇಂದ್ರಯಂತ್ರಗಳಲ್ಲಿ ಈಗ ಬಹುಜನರಿಂದ ಬಳಸಲ್ಪಡುತ್ತಿರುವ ಒಂದು ‘ಹೋಮ್ ಅಸಿಸ್ಟೆಂಟ್’. ಇದನ್ನು ಪೌಲಸ್ ಸ್ಕೌಟ್ಸನ್ ಎಂಬವರು ೨೦೧೩ರಲ್ಲಿ ಆರಂಭಿಸಿದರು. ೨೦೨೪ರಿಂದ ಇದು ‘ಓಪನ್ ಹೋಮ್ ಫೌಂಡೇಶನ್’ ಎಂಬ ಸಂಸ್ಥೆಯ ಆಶ್ರಯದಲ್ಲಿದೆ. ಇದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇದು ಮನೆಯಲ್ಲಿರುವ ಸಣ್ಣ ಗಣಕದಲ್ಲಿಯೇ ನಡೆಯುತ್ತದೆ. ಈ ಗಣಕಕ್ಕೆ ಇನ್‌ಸ್ಟಿಯಾನ್ ಭಾಷೆಯು ನೇರವಾಗಿ ಕೇಳಿಸದು. ಆದುದರಿಂದ ಒಂದು ಮೋಡೆಮ್ ಅವಶ್ಯಕ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅಲ್ಲಿಂದ ಬರುವ ತಂತಿಯನ್ನು ಗಣಕಕ್ಕೆ ಜೋಡಿಸಬೇಕು. ಮೋಡೆಮ್ ಕಿವಿಬಾಯಿಗಳ ಕೆಲಸವನ್ನು ಮಾಡಿದರೆ, ಗಣಕದಲ್ಲಿರುವ ಅನುವಾದಕಕ್ರಮವು ‘ನಡುಮನೆಯ ದೀಪವನ್ನು ಅರ್ಧ ಬೆಳಗಿಸು’ ಎಂಬುದನ್ನು ಮೇಲ್ಕಂಡ ಬೈಟುಗಳಿಗೆ ಪರಿವರ್ತಿಸುತ್ತದೆ. ಇವೆರಡೂ ಸೇರಿಯೇ ದುಭಾಷಿ.

ಭಾಷೆಯನ್ನು ಬಲ್ಲ ಮಾತ್ರಕ್ಕೆ ಆಜ್ಞಾಪಿಸುವ ಅಧಿಕಾರವು ಬಾರದು. ಪ್ರತಿಯೊಂದು ಸ್ವಿಚ್ಚೂ ತನ್ನ ಸ್ಮೃತಿಯಲ್ಲಿ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ: ಯಾರ ಆಜ್ಞೆಯನ್ನು ತಾನು ನಡೆಸತಕ್ಕದ್ದು, ತನ್ನ ವರ್ತಮಾನವನ್ನು ಯಾರಿಗೆ ತಿಳಿಸತಕ್ಕದ್ದು ಎಂಬುದು ಅದರಲ್ಲಿರುತ್ತದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಒಂದು ಕಡೆ ನಿಯೋಜಕ, ಇನ್ನೊಂದು ಕಡೆ ನಿಯೋಜ್ಯ. ಈಚಿನ ಸ್ವಿಚ್ಚುಗಳು ಪಟ್ಟಿಯಲ್ಲಿಲ್ಲದವನ ಆಜ್ಞೆಯನ್ನು ತಿರಸ್ಕರಿಸುತ್ತವೆ. ಪಟ್ಟಿಯಲ್ಲಿ ಸೇರಿಸುವ ಕ್ರಮವೆಂದರೆ, ಮೋಡೆಮ್ಮಿನ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಅನಂತರ ಸ್ವಿಚ್ಚಿನ ಗುಂಡಿಯನ್ನು ಹಾಗೆಯೇ ಹಿಡಿಯುವುದು. ಇದರಿಂದ ಮೋಡೆಮ್ ನಿಯೋಜಕವೂ ಸ್ವಿಚ್ಚು ನಿಯೋಜ್ಯವೂ ಆಗುತ್ತವೆ.

ಇಲ್ಲಿಗೆ ಕೆಲಸವು ಮುಗಿಯಿತೆಂದು ಬಿಡುವವರುಂಟು. ಅನೇಕ ತೊಡಕುಗಳಿಗೆ ಕಾರಣವು ಇದೇ. ಇಷ್ಟರಿಂದ ಕೇಂದ್ರಯಂತ್ರವು ದೀಪವನ್ನು ಹೊತ್ತಿಸಬಲ್ಲುದು, ಆರಿಸಬಲ್ಲುದು. ಆದರೆ ಮನೆಯವರು ಗೋಡೆಯ ಸ್ವಿಚ್ಚನ್ನು ಕೈಯಿಂದ ಒತ್ತಿದರೆ ಆ ವರ್ತಮಾನವು ಕೂಡಲೇ ಅದಕ್ಕೆ ತಿಳಿಯದು. ‘ರಾತ್ರಿ ಹನ್ನೊಂದಕ್ಕೆ ಉರಿಯುತ್ತಿರುವ ದೀಪಗಳನ್ನು ಆರಿಸು’ ಎಂಬ ನಿಯಮವಿದ್ದರೂ, ಕೈಯಿಂದ ಹೊತ್ತಿಸಿದ ದೀಪವು ಆರಿಯೇ ಇದೆಯೆಂದು ತಿಳಿದ ಯಂತ್ರವು ಅದನ್ನು ಬಿಟ್ಟುಬಿಡುವುದು. ಆದುದರಿಂದ ಅದೇ ಕ್ರಮವನ್ನು ವಿಪರ್ಯಯದಿಂದ, ಮೊದಲು ಸ್ವಿಚ್ಚು, ಆಮೇಲೆ ಮೋಡೆಮ್ ಎಂಬಂತೆ, ಇನ್ನೊಮ್ಮೆ ನಡೆಸತಕ್ಕದ್ದು. ಆಗ ಸ್ವಿಚ್ಚು ಹೇಳುವುದೂ ಆಗುತ್ತದೆ, ಕೇಂದ್ರಯಂತ್ರವು ಕೇಳುವುದೂ ಆಗುತ್ತದೆ. ಪರಸ್ಪರಸಂಬಂಧವೇ ಸಂಪೂರ್ಣಸಂಬಂಧ.

೫. ಎರಡು ದಾರಿಗಳು

ಮೇಲೆ ಹೇಳಿದ ದಾರಿಯಲ್ಲಿ ಮಾತು ಮನೆಯ ಗೋಡೆಗಳೊಳಗೇ ಮುಗಿಯುತ್ತದೆ. ಇನ್ನೊಂದು ದಾರಿಯುಂಟು. ಅಲ್ಲಿ ಮನೆಯವನು ಫೋನಿನಲ್ಲಿ ಕೊಟ್ಟ ಆಜ್ಞೆಯು ಅಂತರ್ಜಾಲದ ಮೂಲಕ ತಯಾರಕನ ಸರ್ವರಿಗೆ ಹೋಗಿ, ಅಲ್ಲಿಂದ ಮನೆಯಲ್ಲಿರುವ ತಯಾರಕನ ಹಬ್ಬಿಗೆ ಮರಳಿ, ಅನಂತರ ಸ್ವಿಚ್ಚನ್ನು ಮುಟ್ಟುತ್ತದೆ. ಈ ದಾರಿಯು ಸುಲಭ. ಮೋಡೆಮ್ಮಾಗಲಿ ಬೇರೆ ಗಣಕವಾಗಲಿ ಬೇಕಿಲ್ಲ. ಬಹುಜನರು ಹಿಡಿದದ್ದು ಇದನ್ನೇ.

೨೦೨೨ರ ಏಪ್ರಿಲ್ ತಿಂಗಳ ಮಧ್ಯದಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು. ಸಂಸ್ಥೆಯು ಹಣಕಾಸಿನ ಸಂಕಟಕ್ಕೆ ಸಿಕ್ಕಿ ಅದರ ಆಸ್ತಿಗಳನ್ನು ಮಾರಾಟಕ್ಕೆ ಒಪ್ಪಿಸಲಾಗಿದೆಯೆಂಬುದು ಬಳಕೆದಾರರಿಗೆ ಆಮೇಲೆ ತಿಳಿಯಿತು. ಎರಡನೆಯ ದಾರಿಯನ್ನು ನಂಬಿದವರ ಫೋನುಗಳಿಂದ ದೀಪಗಳು ಆಳಲ್ಪಡದೆ ಹೋದವು. ಸ್ವಿಚ್ಚು ಕೆಟ್ಟಿರಲಿಲ್ಲ, ಭಾಷೆ ಬದಲಾಗಿರಲಿಲ್ಲ. ನಡುವೆ ನಿಂತಿದ್ದ ದೂರದ ದುಭಾಷಿಯು ಮೌನ ವಹಿಸಿದ್ದನು, ಅಷ್ಟೆ. ಮೋಡೆಮ್ಮಿನ ಮೂಲಕ ತಮ್ಮ ಕೇಂದ್ರಯಂತ್ರಕ್ಕೆ ಜೋಡಿಸಿಕೊಂಡಿದ್ದವರ ಮನೆಗಳಲ್ಲಿ ದೀಪಗಳು ಎಂದಿನಂತೆಯೇ ಮಾತು ಕೇಳಿದವು. ಸ್ವಿಚ್ಚುಗಳು ತಮ್ಮತಮ್ಮಲ್ಲಿ ಹೊಂದಿದ್ದ ಸಂಬಂಧಗಳೂ ಉಳಿದವು, ಏಕೆಂದರೆ ಅವು ಆಯಾ ಸ್ವಿಚ್ಚಿನ ಸ್ಮೃತಿಯಲ್ಲಿಯೇ ಇದ್ದವು. ಅದೇ ವರ್ಷದ ಜೂನ್ ತಿಂಗಳಲ್ಲಿ ಆ ಸಾಧನಗಳ ಬಳಕೆದಾರರದೇ ಒಂದು ಸಣ್ಣ ಗುಂಪು ಇನ್‌ಸ್ಟಿಯಾನನ್ನು ಕೊಂಡು ಸೇವೆಯನ್ನು ಪುನಃ ನಡೆಸಿತು.

೬. ಆಕ್ಷೇಪವೂ ಸಮಾಧಾನವೂ

ಹಾಗಾದರೆ ಸ್ವಾಮ್ಯಸಂಕೇತದ ಸ್ವಿಚ್ಚುಗಳನ್ನು ಬಿಟ್ಟು ಮುಕ್ತಸಂಕೇತದವನ್ನೇ ಕೊಳ್ಳಬಾರದೇಕೆ ಎಂದು ಶಂಕೆಯುಂಟಾಗಬಹುದು. ೨೦೨೨ರ ಅಕ್ಟೋಬರಿನಲ್ಲಿ ‘ಮ್ಯಾಟರ್’ ಎಂಬ ಸಾಮಾನ್ಯಸಂಕೇತವು ಪ್ರಕಟವಾಯಿತು. ಅನೇಕ ದೊಡ್ಡ ತಯಾರಕರು ಕೂಡಿ ಒಪ್ಪಿಕೊಂಡ ಇದರಲ್ಲಿ ಮಾತು ಮನೆಯೊಳಗೇ ನಡೆಯುವಂತೆ ವ್ಯವಸ್ಥೆ ಮಾಡಲಾಗಿದೆ. ಹೊಸದಾಗಿ ಕೊಳ್ಳುವವರಿಗೆ ಇದು ಒಳ್ಳೆಯ ದಾರಿಯೇ ಸರಿ. ಆದರೆ ಗೋಡೆಯಲ್ಲಿ ಆಗಲೇ ಕೂಡಿಸಿರುವ ಹತ್ತಿಪ್ಪತ್ತು ಸ್ವಿಚ್ಚುಗಳನ್ನು ಕಿತ್ತೆಸೆಯುವುದು ಎಲ್ಲರಿಗೂ ಸಾಧ್ಯವಲ್ಲ, ಇಷ್ಟವೂ ಅಲ್ಲ. ಅದಲ್ಲದೆ ಸಂಕೇತವು ಮುಕ್ತವಾಗಿರುವುದು ಒಂದು ಗುಣ, ಮಾತು ಮನೆಯೊಳಗೇ ಮುಗಿಯುವುದು ಬೇರೊಂದು ಗುಣ. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಸರ್ವರು ನಿಂತ ದಿನ ಅದೇ ಅವಸ್ಥೆ ಒದಗುವುದು. ಮೊದಲನೆಯದಿಲ್ಲದೆ ಎರಡನೆಯದಿದ್ದರೂ ದೀಪವು ಬೆಳಗುವುದೆಂಬುದಕ್ಕೆ ೨೦೨೨ರ ಏಪ್ರಿಲ್ಲೇ ಸಾಕ್ಷಿ.

ಮೋಡೆಮ್ ಕೂಡ ಅದೇ ತಯಾರಕನದಲ್ಲವೇ, ಅದು ಕೆಟ್ಟರೆ ಗತಿಯೇನು ಎಂಬ ಎರಡನೆಯ ಶಂಕೆಯು ನ್ಯಾಯವಾದುದೇ. ಅದಕ್ಕಾಗಿ ಸ್ವಿಚ್ಚುಗಳ ಹೆಸರುಗಳನ್ನೂ ಸಂಬಂಧಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳುವುದು, ಸಾಧ್ಯವಾದರೆ ಇನ್ನೊಂದು ಮೋಡೆಮ್ಮನ್ನು ತೆಗೆದಿಟ್ಟುಕೊಳ್ಳುವುದು ಉಚಿತ.

ಇದರಿಂದ ಸಿದ್ಧವಾಗುವುದೇನೆಂದರೆ: ಸ್ವಿಚ್ಚಿನ ಭಾಷೆಯು ತಿಳಿದಿರಬೇಕು, ಸಂಬಂಧವು ಎರಡೂ ಕಡೆಯಿಂದ ಆಗಿರಬೇಕು, ದುಭಾಷಿಯು ಮನೆಯಲ್ಲಿಯೇ ಇರಬೇಕು. ಮೂರರಲ್ಲಿ ಮೊದಲನೆಯದು ತಯಾರಕನನ್ನು ಅವಲಂಬಿಸಿದೆ. ಉಳಿದೆರಡು ಮನೆಯವನ ಕೈಯಲ್ಲಿವೆ. ಇವುಗಳ ಪರೀಕ್ಷೆಯೂ ಸುಲಭ. ಅಂತರ್ಜಾಲದ ತಂತಿಯನ್ನು ಒಂದು ಘಳಿಗೆ ಕಳಚಿ, ಕೇಂದ್ರಯಂತ್ರದಿಂದ ದೀಪವನ್ನು ಹೊತ್ತಿಸಿ, ಗೋಡೆಯ ಸ್ವಿಚ್ಚಿನಿಂದ ಆರಿಸಿ, ಆರಿದ ವರ್ತಮಾನವು ಕೇಂದ್ರಯಂತ್ರಕ್ಕೆ ತಿಳಿಯಿತೇ ಎಂದು ನೋಡತಕ್ಕದ್ದು. ತಿಳಿದಿದ್ದರೆ ಆ ದೀಪವು ಮನೆಯವರದೇ ಎಂದು ನಿಶ್ಚಯಿಸಬಹುದು.